ಹಗೂರಕ ಹಿಡಿ, ಸುಧಾ

ಉಂಗುರ ಬೆರಳಿನ ಗೆಣ್ಣಿನ ತನಕ ಸುಸೂತ್ರವಾಗಿ ಬಂತು. ಅಲ್ಲಿ ಬಿಗಿಯಿತು. ಕೊಟ್ರೇಶ ಒಮ್ಮೆ ಸುಧಾರಾಣಿಯ ಮುಖ ನೋಡಿ, ಕಣ್ಣಲ್ಲೇ ಸಣ್ಣಗೆ ನಕ್ಕು, ಆಕೆಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಒತ್ತಿದ.

ಒತ್ತಿದ್ದೇ ತಡ, ಮುಂಗೈಯಿಂದ ಮೊಣಕೈವರೆಗೆ ಕರೆಂಟು ಹರಿದಂತಾಗಿ ಆಕೆ "ಅಯ್ಯವ್ವಾ!" ಎಂದು ಕೈ ಕಿತ್ತುಕೊಂಡಳು.

ಉಂಗುರ ಹಾರಿ, ಉಡಿ ತುಂಬಲು ತಂದಿಟ್ಟ ಅಕ್ಕಿಯ ಹರಿವಾಣದಲ್ಲಿ ಬಿದ್ದು ಕಾಣೆಯಾಯಿತು. ರಾಣೆಬೆನ್ನೂರಿನ ಆ ಸಣ್ಣ ಪಡಸಾಲೆಯಲ್ಲಿ ಕೂತಿದ್ದ ಎರಡೂ ಕಡೆಯ ನೆಂಟರು ಒಮ್ಮೆಲೇ ಕತ್ತೆತ್ತಿ ನೋಡಿದರು.

"ನಾಚಿಕಿರಿ, ನಾಚಿಕಿ. ನಮ್ಮ ಹುಡುಗಿ ಸಣ್ಣಾಕಿ ಇದ್ದಾಗಿಂದ ಹಂಗ," ಎನ್ನುತ್ತ ಅಜ್ಜಿ ಮುದುಕವ್ವ ಅಕ್ಕಿಯಲ್ಲಿ ಕೈಯಾಡಿಸತೊಡಗಿದಳು.

ಸುಧಾ ನಾಚುವ ಪೈಕಿ ಅಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೋಟರ್‌ಸೈಕಲ್ ಹೊಡೆಯುವ ಧೈರ್ಯದ ಹುಡುಗಿ ಎಂದೇ ಬ್ಯಾಡಗಿಯ ಬೀಗರು ಆಕೆಯನ್ನು ಮೆಚ್ಚಿ ಬಂದಿದ್ದರು. ಕೊಟ್ರೇಶನ ತಾಯಿ ಭರಮವ್ವ ಸೆರಗು ಸರಿಮಾಡಿಕೊಂಡು ಮಗನ ಕಡೆ ನೋಡಿದಳು. ಮಗನೋ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕೊನೆಗೂ ಸಿಕ್ಕ ಉಂಗುರ ಅವತ್ತು ಬೆರಳಿಗೆ ಹೋಗಲಿಲ್ಲ, ಡಬ್ಬಿಗೆ ಹೋಯಿತು.

ನಿಜ ಹೇಳಬೇಕೆಂದರೆ ಸುಧಾಳ ಕೈಗೆ ಬಂದದ್ದು ನಾಚಿಕೆಯಲ್ಲ, ಬಾವು.

ಆಕೆ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಸೂಪರ್‌ವೈಸರ್. ಮೋಟೆಬೆನ್ನೂರು, ಕಾಗಿನೆಲೆ ಕಡೆಯ ಹೊಲಗಳಲ್ಲಿ ನೆಟ್ ಕಟ್ಟಿ, ಅದರೊಳಗೆ ಮೆಣಸಿನ ಗಿಡಗಳಿಗೆ ಕ್ರಾಸಿಂಗ್ ಮಾಡಿಸುವುದು ಆಕೆಯ ಕೆಲಸ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಚಿಮಟದಿಂದ ಬಿಡಿಸಿ ಅದರ ಗಂಡು ಕೇಸರ ತೆಗೆಯಬೇಕು. ಮುಂಜಾನೆ ಬೇರೆ ಗಿಡದ ಪರಾಗ ಮುಟ್ಟಿಸಿ, ಆ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರ ಕಟ್ಟಿದ ಹೂವನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ಹೂವು ಯಾರಿಗೂ ಕಾಯುವುದಿಲ್ಲ, ಬಸ್ಸು ಹೂವಿಗೆ ಕಾಯುವುದಿಲ್ಲ. ಹಾಗಾಗಿ ಸ್ವಂತ ಗಾಡಿ ಇದ್ದವರಿಗಷ್ಟೇ ಈ ಕೆಲಸ ಎಂದು ಕಂಪನಿಯವರು ಮೊದಲೇ ಹೇಳಿದ್ದರು.

ಅಪ್ಪ ಸೋಮಣ್ಣ ಆರಡಿ ಆಳು. ಕಣ್ಣಿನ ಆಪರೇಶನ್ ಆದ ಮೇಲೆ ಗಾಡಿ ಹೊಡೆಯುವುದನ್ನು ಬಿಟ್ಟಿದ್ದ. ದೀಪಾವಳಿ ಮುಗಿದ ಮೇಲೆ ತನ್ನ ಹಳೆಯ ಮೋಟರ್‌ಸೈಕಲ್ಲಿನ ಚಾವಿಯನ್ನು ಮಗಳ ಕೈಗಿಟ್ಟು, ಜೊತೆಗೊಂದು ಷರತ್ತನ್ನೂ ಇಟ್ಟಿದ್ದ.

"ಕೈ ನೋವು, ಸೊಂಟ ನೋವು ಅಂತ ಒಂದು ಸಲ ಬಾಯಾಗ ಬಂತಂದ್ರ ಚಾವಿ ವಾಪಸ್. ಹೆಣ್ಣಮಕ್ಕಳ ಕೈಗೆ ಆಗೂ ಗಾಡಿ ಅಲ್ಲವ್ವ ಇದು."

ಸುಧಾಳ ಬಾಯಲ್ಲಿ ಆ ಮಾತು ಬರಲಿಲ್ಲ. ಕೈಗೆ ಮಾತ್ರ ನೋವು ಬಂತು. ಮೊದಮೊದಲು ಹೆಬ್ಬೆರಳಿನ ಬುಡದಲ್ಲಿ ಚುಮುಚುಮು ಅಂದಿತು. ಆಮೇಲೆ ಮಣಿಕಟ್ಟು ಹಿಡಿದುಕೊಂಡಿತು. ಸಂಕ್ರಾಂತಿಯ ಹೊತ್ತಿಗೆ ಮುಂಜಾನೆ ಎದ್ದರೆ ಬೆರಳುಗಳು ತನ್ನವಲ್ಲ ಎನ್ನಿಸುವಷ್ಟು ಜೋಮು. ರೊಟ್ಟಿ ಬಡಿಯುವ ಪಾಳಿ ಬಂದಾಗ ಫೋನು ಬಂದಂತೆ ನಟಿಸಿ ಹಿತ್ತಲಿಗೆ ಹೋಗುತ್ತಿದ್ದಳು. ನಿಶ್ಚಯದ ದಿನವೂ ನಸುಕಿನಲ್ಲೇ ಕಾಗಿನೆಲೆಯ ಹೊಲದ ಪ್ಲಾಟಿಗೆ ಹೋಗಿ ಬಂದು, ಬಾತ ಬೆರಳಿಗೆ ಅರಿಶಿನ ಹಚ್ಚಿಕೊಂಡು ಹಸೆಯ ಮೇಲೆ ಕೂತಿದ್ದಳು.

ಕೊಟ್ರೇಶನಿಗಾದರೂ ಹೇಳಬಹುದಿತ್ತು. ಆದರೆ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರ ಮನೆ ಅದು. ಮದುವೆಗೆ ಮೊದಲೇ ಕೈ ಸತ್ತ ಸೊಸೆ ಎಂದು ಯಾರಾದರೂ ಅಂದುಬಿಟ್ಟರೆ? ಹೇಳಿದರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಈ ಹುಡುಗನೇ ಹೋಗುತ್ತಾನೇನೋ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿತ್ತು ಆಕೆಯ ಪಾಡು.

ಹೋಗುವ ಲಕ್ಷಣ ಕಾಣತೊಡಗಿತ್ತು ಕೂಡ. ಮೊದಲಾದರೆ ಅವನು ಮಾರ್ಕೆಟ್ಟಿನ ಹರಾಜಿನ ಟೆಂಡರ್ ಮುಗಿದ ಕೂಡಲೇ ಫೋನು ಮಾಡುತ್ತಿದ್ದ. ಆಕೆ ನೆಟ್ಟಿನೊಳಗೆ ನಿಂತು ಕೂಲಿ ಹೆಣ್ಣುಮಕ್ಕಳನ್ನು ಬೈಯುವುದನ್ನು ಕೇಳುತ್ತ ಆ ಕಡೆಯಿಂದ ನಗುತ್ತಿದ್ದ. "ಇವತ್ತು ನಿನ್ನ ಸೀರಿ ಬಣ್ಣದ ಕಾಯಿ ಲಾಟು ಬಂದಿತ್ತು, ಎಷ್ಟಕ್ಕ ಹೋತು ಹೇಳ್ಲಿ?" ಎಂದು ಕಾಡುತ್ತಿದ್ದ. ಈಗ ಫೋನಿಲ್ಲ. 'ಊಟ ಆತಾ' ಎಂಬ ಒಂದು ಮೆಸೇಜು ಬರುತ್ತಿತ್ತು, ಅದೂ ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ. ಆ ಚಿಹ್ನೆ ಯಾಕಿಲ್ಲ ಎಂದು ಯೋಚಿಸುತ್ತ ಸುಧಾ ಅರ್ಧ ದಿನ ಕಳೆಯುತ್ತಿದ್ದಳು. ಪ್ರೀತಿ ಮಾಡುವವರಿಗೆ ಬೇರೆ ಕೆಲಸವಿರುವುದಿಲ್ಲ ನೋಡಿ.

ಆ ವಾರ ಮೋಟೆಬೆನ್ನೂರಿನ ಹೈವೇ ಪಕ್ಕದ ಚಾದಂಗಡಿಯಲ್ಲಿ ಇಬ್ಬರೂ ಭೇಟಿಯಾದರು. ಆಕೆಯೇ ಕರೆದಿದ್ದಳು. ಅವನು ಬಂದ. ಬಂದವನು ಎರಡೂ ಕೈಗಳನ್ನು ಕಿಸೆಯಲ್ಲಿ ತುರುಕಿಕೊಂಡು ಬೆಂಚಿನ ಆ ತುದಿಯಲ್ಲಿ ಕೂತ.

"ಕೈ ಯಾಕ ಕಿಸೆದಾಗ ಇಟಗೊಂಡೀರಿ?"

"ಚಳಿ."

ನೆತ್ತಿಯ ಮೇಲೆ ಬಿಸಿಲು ಚುರುಗುಡುತ್ತಿತ್ತು. ಚಾ ಬಂದಾಗ ಅವನು ಲೋಟವನ್ನು ಆಕೆಯ ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಸರಿಸಿದ. ನೋಟ ಮಾತ್ರ ಆಗಾಗ ಆಕೆಯ ಬೆರಳಿನ ತನಕ ಬಂದು, ಏನೋ ತಪ್ಪು ಮಾಡಿದಂತೆ ನೆಲಕ್ಕಿಳಿಯುತ್ತಿತ್ತು. ಮೊದಲಿದ್ದ ತುಂಟತನದ ಒಂದು ಎಳೆಯೂ ಆ ಕಣ್ಣಲ್ಲಿ ಸುಧಾಳಿಗೆ ಕಾಣಿಸಲಿಲ್ಲ.

"ಅವ್ವ ಐತವಾರ ನಿಮ್ಮನಿಗೆ ಬರ್ತಾಳ," ಎಂದ ಕೊನೆಗೆ. "ನಿನ್ನ ಬಾಯಿಂದನ ಕೇಳಬೇಕಂತ, ಮನಸ್ಸು ಐತೋ ಇಲ್ಲೋ ಅಂತ. ಆಮ್ಯಾಲೆ ತಾರೀಖು."

"ನೀವೇನಂದ್ರಿ?"

"ತಪ್ಪು ನಂದು ಅಂದೆ."

"ಏನ್ ತಪ್ಪು?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಬ್ಯಾಡಗಿಯ ಅಂಗಡಿಯಿಂದ ಫೋನು ಬಂತು. ಲಾರಿ ಬಂದು ನಿಂತಿದೆಯಂತೆ. ಅವನು ಎದ್ದು ನಿಂತು, "ಹುಷಾರ್ ಹೋಗು," ಎಂದಷ್ಟೇ ಹೇಳಿ ಹೊರಟುಹೋದ.

ಸುಧಾಳ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ತಪ್ಪು ನಂದು ಎಂದರೆ ಏನರ್ಥ? ನಿನ್ನನ್ನು ಒಪ್ಪಿದ್ದೇ ತಪ್ಪು ಎಂದಲ್ಲವೆ? ಆಕೆ ಗಾಡಿ ಹತ್ತಿ ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಹೆದರಿಕೆ ಎಲ್ಲಿಂದ ಬಂದರೂ ಕೊನೆಗೆ ಆಕೆಯ ಕೈಗೇ ಇಳಿಯುತ್ತಿತ್ತು.

ಆ ರಾತ್ರಿ ಉಣ್ಣುವಾಗ ತುತ್ತು ಜಾರಿ ತಾಟಿಗೆ ಬಿತ್ತು. ಮುದುಕವ್ವ ಮೊಮ್ಮಗಳನ್ನೇ ನೋಡಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕವ್ವಾ? ನಿನ್ನ ಕೈಗೆ ಏನಾಗೈತಿ?"

"ಏನೂ ಇಲ್ಲಜ್ಜಿ," ಎಂದಳು ಸುಧಾ. ಒಳಗೆ ಅಪ್ಪ ಕೆಮ್ಮಿದ ಸದ್ದಾಯಿತು. ಅಜ್ಜಿ ಮತ್ತೆ ಕೇಳಲಿಲ್ಲ.

ಶನಿವಾರ ಸಂಜೆ ಮೊಗ್ಗು ಬಿಡಿಸುವ ಹೊತ್ತಿಗೆ ಆಕೆ ಮೋಟೆಬೆನ್ನೂರಿನ ಪ್ಲಾಟಿಗೆ ಹೊರಟಿದ್ದಳು. ನಾಳೆ ಭರಮವ್ವನ ಮುಂದೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಅದೇ ಗುಂಗು. ಸರ್ವಿಸ್ ರೋಡು ಬಿಟ್ಟು ಹೊಲದ ದಾರಿಗೆ ತಿರುಗುವಲ್ಲಿ ಜಾಲಿಮರದ ಕೆಳಗೆ ಒಬ್ಬ ನಿಂತಿದ್ದ. ಕೊಟ್ರೇಶ!

ನಿಲ್ಲಿಸಬೇಕು. ಎಡಗೈಗೆ ಹಾಗೆಂದು ಹೇಳಿದಳು. ಕೈ ಕೇಳಲಿಲ್ಲ. ಬೆರಳುಗಳು ಕ್ಲಚ್ಚಿನ ಮೇಲೆ ಇದ್ದವು, ಆದರೆ ಅದನ್ನು ಎಳೆಯುವಷ್ಟು ಕಸುವು ಅವುಗಳಲ್ಲಿರಲಿಲ್ಲ. ಬರೇ ಬ್ರೇಕು ಬಿದ್ದ ಗಾಡಿ ಎರಡು ಸಲ ಜಿಗಿದು, ಕೆಮ್ಮಿ, ಬಂದ್ ಬಿದ್ದು, ಪಕ್ಕದ ಜೋಳದ ಸೊಪ್ಪೆಯ ಬಣವಿಗೆ ಒರಗಿಕೊಂಡಿತು. ಸುಧಾ ಸೊಪ್ಪೆಯ ಮೇಲೆ ಕುಂಡಿಯೂರಿ ಬಿದ್ದಳು.

"ಸುಧಾ!" ಅವನು ಓಡಿ ಬಂದ. ಬಂದವನು ಆಕೆಯ ಹತ್ತಿರ ಬಗ್ಗಿ, ತಟ್ಟನೆ ತಡೆದು ನಿಂತ. ಕಿಸೆಯಿಂದ ಒಂದು ಜೊತೆ ಬಿಳಿ ಕೈಗವಸು ತೆಗೆದ. ಬಿದ್ದ ಹುಡುಗಿಯನ್ನು ಎತ್ತುವ ಬದಲು, ಒಂದೊಂದೇ ಬೆರಳನ್ನು ಅದರೊಳಗೆ ತೂರಿಸತೊಡಗಿದ.

ಇಷ್ಟು ದಿನ ತಡೆದಿದ್ದೆಲ್ಲ ಸುಧಾಳ ಬಾಯಿಗೆ ಬಂತು.

"ನನ್ನ ಮುಟ್ಟಾಕ ಅಷ್ಟು ಹೇಸಿಗಿ ಆಗತೈತೇನ್ರಿ ನಿಮಗ? ಮನಸ್ಸಿಲ್ಲಂದ್ರ ಇಲ್ಲ ಅನ್ರಿ! ಕೈಗೆ ಚೀಲ ಹಾಕ್ಕೊಂಡು ಮುಟ್ಟೂದು ಬ್ಯಾಡ!"

"ಹೇಸಿಗಿ?" ಅವನು ಅರ್ಧ ಹಾಕಿದ ಕೈಗವಸಿನಲ್ಲೇ ನಿಂತ. "ಖಾರ ಸುಧಾ, ಖಾರ! ಮತ್ತ ಉರೀತೈತಿ ನಿನಗ."

"ಏನ್ ಖಾರ?"

"ಅವತ್ತು ನಿಶ್ಚಯದ ದಿನ ಮುಂಜಾನೆ ಗುಂಟೂರ ಲಾಟು ಇಳಿಸಿದ್ವಿ. ನಮ್ಮ ಬ್ಯಾಡಗಿ ಕಾಯಿ ಆಗಿದ್ರ ಬರೇ ಬಣ್ಣ ಹತ್ತಿರತಿತ್ತು, ಖಾರ ಇರತಿದ್ದಿಲ್ಲ. ಇದು ಬ್ಯಾರೆ ಜಾತಿ. ಕಾಯಿ ಮುರದು ಮುರದು ನೋಡಿದ ಕೈ. ಸಾಬೂನು ಹಚ್ಚಿ ತೊಳದಿದ್ದೆ, ಖರೇನ ತೊಳದಿದ್ದೆ. ಆದ್ರ ಮುಟ್ಟಿದ ಕೂಡ್ಲೆ ನೀ ಚೀರಿದಿ. ಆವಾಗಿಂದ ದಿನಾ ಮೊಸರು ಹಚ್ಚಾಕತ್ತೇನಿ, ಎಣ್ಣಿ ಹಚ್ಚಾಕತ್ತೇನಿ. ಅಂಗಡ್ಯಾಗಿನ ಮಂದಿ ನಗತಾರ. ಮದವ್ಯಾದ ಮ್ಯಾಲೂ ಹಿಂಗ ಆದ್ರ ನಿನ್ನ ಹೆಂಗ ಮುಟ್ಟಲಿ ಅಂತ ನಿದ್ದಿಲ್ಲ ನನಗ. ನಾಳೆ ಅವ್ವ ಬರೂದ್ರೊಳಗ ಇದನ್ನ ಹೇಳಾಕಂತ ಇಲ್ಲಿ ಬಂದು ನಿಂತಿದ್ದೆ."

ಸುಧಾ ಅವನನ್ನೇ ನೋಡಿದಳು. ಆ ಕಿಸೆ, ಆ ಬೆಂಚು, ಸರಿಸಿದ ಚಾದ ಲೋಟ. ಆಕೆಗೆ ನಗು ಬಂತು. ನಗುತ್ತಲೇ ಅಳು ಬಂತು. ಯಾವುದನ್ನು ಮೊದಲು ಮುಗಿಸಬೇಕೆಂದು ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

"ನಿಮ್ಮ ಕೈ ಖಾರ ಅಲ್ಲರೀ," ಎಂದಳು. "ನನ್ನ ಕೈನ ಸತ್ತಾವು."

ಎರಡೂ ಕೈಗಳನ್ನು ಮುಂದೆ ಚಾಚಿದಳು. ಅಂಗೈಯಲ್ಲಿ ಹ್ಯಾಂಡಲ್ಲಿನ ಗೆರೆಗಳು ಮೂಡಿದ್ದವು. ಬಾತ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಕೊಟ್ರೇಶ ಕೈಗವಸು ಕಿತ್ತೆಸೆದು ಅಲ್ಲೇ ಸೊಪ್ಪೆಯ ಮೇಲೆ ಕೂತ. ಆಕೆಯ ಕೈಗಳನ್ನು ತನ್ನ ಅಂಗೈ ಮೇಲೆ ಬರೇ ಇಟ್ಟುಕೊಂಡ, ಒತ್ತಲಿಲ್ಲ. ಅವನ ಕಣ್ಣುಗಳು ತುಂಬಿದ್ದವು.

"ಯಾರಿಗೂ ಹೇಳಿಲ್ಲಾ?"

"ಹೇಳಿದ್ರ ಅಪ್ಪ ಚಾವಿ ಕಸಗೊಳ್ತಾನ. ನಿಮ್ಮ ಮನ್ಯಾಗ ಏನಂತಾರೋ ಅಂತ ಹೆದರಿಕಿ."

"ನಮ್ಮನ್ಯಾಗ?" ಅವನು ಮೊದಲ ಸಲ ನಕ್ಕ. "ನಾ ಗಾಡಿ ಕಲತಾಗ ಬ್ಯಾಡಗಿಯಿಂದ ಹಾವೇರಿ ಕಾಲೇಜಿಗೆ ದಿನಾ ಹೋಗಿ ಬರ್ತಿದ್ದೆ. ಕೈ ಬಾತು ಕಟಗಿಯಂಗ ಸೆಟದಿದ್ವು. ಪೆನ್ನು ಹಿಡಿಯಾಕ ಬರತಿದ್ದಿಲ್ಲ. ಅವ್ವ ತುತ್ತು ಮಾಡಿ ಉಣ್ಣಿಸ್ಯಾಳ. ಏಳು, ಗಾಡಿ ಮ್ಯಾಲೆ ಕುಂದ್ರು. ದಿನಾ ಹೆಂಗ ಹಿಡೀತಿ, ಹಂಗ ಹಿಡಿ ನೋಡೋಣು."

ಆಕೆ ಕೂತಳು. ಅಪ್ಪ ಕೂರುತ್ತಿದ್ದ ಜಾಗದಲ್ಲೇ, ಹಿಂದಕ್ಕೆ ಸರಿದು. ತೋಳುಗಳು ನೆಟ್ಟಗೆ ಕೋಲಾದವು. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಿತ್ತು. ಕ್ಲಚ್ಚು ಮೇಲ್ಮುಖವಾಗಿ ನಿಂತಿದ್ದರಿಂದ ಅದನ್ನು ಮುಟ್ಟಲು ಮಣಿಕಟ್ಟನ್ನು ಹಿಂದಕ್ಕೆ ಮಡಚಬೇಕಾಗುತ್ತಿತ್ತು. ಗೆಣ್ಣುಗಳು ಬಿಳಿಚಿಕೊಂಡವು.

"ಇದು ನಿಮ್ಮಪ್ಪನ ಅಳತಿ ಗಾಡಿ," ಎಂದ ಕೊಟ್ರೇಶ. "ಅವರ ಅಂಗಿ ಹಾಕ್ಕೊಂಡು ತೋಳು ಉದ್ದ ಆತು ಅಂದಂಗಾತು. ಪಾನಾ ಐತೇನು?"

ಸೀಟಿನ ಕೆಳಗಿನ ಪಾನಾ ತೆಗೆದು, ಕ್ಲಚ್ಚು, ಬ್ರೇಕು ಎರಡರ ನಟ್ಟು ಸಡಿಲಿಸಿ, ಆಕೆಯ ಮುಂಗೈಯ ಜಾಡಿಗೇ ಬರುವಂತೆ ಅವನ್ನು ಕೆಳಕ್ಕೆ ತಿರುಗಿಸಿದ. ಬಿಗಿ ಮಾಡುವಾಗ ಹಲ್ಲು ಕಚ್ಚಿದ್ದ. ಆಕೆ ಅವನ ಕಿವಿಯ ಹಿಂದೆ ಅಂಟಿದ್ದ ಒಂದು ಮೆಣಸಿನ ಬೀಜವನ್ನೇ ನೋಡುತ್ತಿದ್ದಳು. ತೆಗೆಯಲೇ ಎನ್ನಿಸಿತು. ತೆಗೆಯಲಿಲ್ಲ.

"ಮುಂದ ಸರಿ. ಟ್ಯಾಂಕ್ ಮೊಣಕಾಲಾಗ ಹಿಡಿ, ಕೈಯಾಗಲ್ಲ. ಮೊಣಕೈ ಸ್ವಲ್ಪ ಮಡಚು. ಹಾಂ. ಈಗ ಹ್ಯಾಂಡಲ್ ಸಡಿಲ ಬಿಡು."

"ಬಿಟ್ರ ಬೀಳ್ತೇನಿ ಅನಸ್ತೈತಿ."

"ಬಿಡು ಅಂದ್ರ ಬಿಟ್ಟಬಿಡು ಅಂತಲ್ಲ." ಅವನು ದೂರದ ನೆಟ್ಟಿನ ಕಡೆ ಕೈ ಮಾಡಿದ. "ಕೂಲಿಗೆ ಬರೂ ಉಚ್ಚಂಗೆವ್ವಗ ಚಿಮಟ ಹೆಂಗ ಹಿಡೀಬೇಕಂತ ದಿನಾ ಬೈತಿಯಲ್ಲ, ಫೋನಿನಾಗ ನನಗ ಕೇಳತಿತ್ತು. ಏನಂತಿ?"

ಸುಧಾ ತಲೆ ತಗ್ಗಿಸಿದಳು. "ಹಗೂರಕ ಹಿಡಿಯವ್ವ, ಹೂವಿನ ಕೊರಳು ಹಿಸುಕಬ್ಯಾಡ ಅಂತೇನಿ."

"ಮತ್ತ? ಹೂವಿಗೊಂದು ನ್ಯಾಯ, ನಿನ್ನ ಕೈಗೊಂದು ನ್ಯಾಯ ಏನು?"

ಹೊಲದ ದಾರಿಯಲ್ಲಿ ಆಕೆ ಮೆಲ್ಲಗೆ ಗಾಡಿ ಬಿಟ್ಟಳು. ಅವನು ಹಿಂದೆ ಕೂತ. ಆಕೆಯ ತೋಳು ಕೋಲಾದಾಗಲೆಲ್ಲ ಹಿಂದಿನಿಂದ ಒಂದು ಬೆರಳು ಬಂದು ಮೊಣಕೈಯನ್ನು ಕೆಳಗಿನಿಂದ ತಟ್ಟುತ್ತಿತ್ತು. "ಮೊಣಕೈ." ಸ್ವಲ್ಪ ಮುಂದೆ ಹೋದರೆ, "ಭುಜ." ಇನ್ನೂ ಸ್ವಲ್ಪ ಹೋದರೆ, "ಉಸಿರು ಬಿಡು ಮಾರಾಯ್ತಿ, ಉಸಿರಿಗೇನ್ ರೊಕ್ಕ ಕೊಡಬೇಕಾಗಿಲ್ಲ."

ಉಸಿರು ನಿಂತದ್ದು ಗಾಡಿಯ ಹೆದರಿಕೆಗಲ್ಲ, ಆ ಬೆರಳಿಗೆ ಎಂದು ಆಕೆ ಹೇಗೆ ಹೇಳಿಯಾಳು?

ನೆಟ್ಟಿನ ಬಾಗಿಲಲ್ಲಿ ಇಳಿದಾಗ ಕೈ ನೋಯುತ್ತಿತ್ತು, ಆದರೆ ಜೋಮು ಹಿಡಿದಿರಲಿಲ್ಲ. ಅವನು ಕೈ ಜಾಡಿಸುವುದನ್ನು ತೋರಿಸಿಕೊಟ್ಟ. ರಾಣೆಬೆನ್ನೂರಿನಿಂದ ಬರುವಾಗ ಒಂದೇ ದಮ್ಮಿಗೆ ಬರಬೇಡ, ನಡುವೆ ನಿಲ್ಲಿಸಿ ಕೈಗೆ ವಿಶ್ರಾಂತಿ ಕೊಡು ಎಂದ. ವಾರದೊಳಗೆ ಕಡಿಮೆಯಾಗದಿದ್ದರೆ ತಾನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವೆನೆಂದ.

"ನಾಳೆ ಅವ್ವಗ ನನ್ನ ಕೈ ಖಾರ ಇತ್ತು ಅಂತನ ಹೇಳ್ತೇನಿ," ಎಂದ ಹೊರಡುವಾಗ. "ನಿಮ್ಮಪ್ಪಗ ಗೊತ್ತಾಗೂದ ಬ್ಯಾಡ. ನಿನ್ನ ಚಾವಿ ನಿನ್ನ ಹಂತ್ಯಾಕ ಇರಲಿ."

ಆ ಮಾತು ಹಿತವಾಗಿತ್ತು. ರಾತ್ರಿಯೆಲ್ಲ ಸುಧಾ ಅದನ್ನೇ ನೆಚ್ಚಿಕೊಂಡು ಮಲಗಲು ನೋಡಿದಳು, ನಿದ್ದೆ ಬರಲಿಲ್ಲ.

ಭಾನುವಾರ ಭರಮವ್ವ ಬಂದು ಅದೇ ಪಡಸಾಲೆಯಲ್ಲಿ, ಅದೇ ಜಾಗದಲ್ಲಿ ಕೂತಳು. ಉಂಗುರದ ಡಬ್ಬಿ ಮಡಿಲಲ್ಲಿತ್ತು. ಸೋಮಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಮುದುಕವ್ವ ಚಾ ಸೋಸುತ್ತಿದ್ದಳು.

"ನೋಡವ್ವಾ," ಎಂದಳು ಭರಮವ್ವ, "ನಾನು ಮನಸ್ಸಿನಾಗ ಇಟಗೊಳ್ಳಾಕಿ ಅಲ್ಲ. ಅವತ್ತು ನನ್ನ ಮಗ ಕೈ ಹಿಡಿದಾಗ ಕಿತಗೊಂಡಿ. ಒಲ್ಲದ ಹುಡುಗೀನ ಮನಿ ತುಂಬಿಸಿಕೊಂಡು ನಾವೇನ್ ಸುಖ ಪಡ್ತೇವಿ? ಖರೇ ಹೇಳು."

"ಅವ್ವಾ, ಅದು ನನ್ನ ಕೈ..." ಎಂದು ಕೊಟ್ರೇಶ ಶುರುಮಾಡಿದ. "ಗುಂಟೂರ ಲಾಟು ಇತ್ತಲ್ಲ, ಖಾರ..."

ತನಗಾಗಿ ಸುಳ್ಳು ಹೇಳಲು ಹೊರಟ ಆ ಕೆಂಪು ಕಿವಿಗಳನ್ನು ಸುಧಾ ನೋಡಿದಳು. ಎಷ್ಟು ಪ್ರೀತಿ ಬಂತೆಂದರೆ, ಅವನ ಸುಳ್ಳಿನ ಮರೆಯಲ್ಲಿ ನಿಲ್ಲುವುದು ಆಗದು ಎನ್ನಿಸಿತು. ಅಪ್ಪನ ಕಡೆ ನೋಡಿದರೆ ಧೈರ್ಯ ಹೋಗುತ್ತದೆಂದು ನೆಲ ನೋಡುತ್ತಲೇ ಹೇಳಿದಳು.

"ಖಾರ ಅಲ್ಲರೀ ಅತ್ತಿ. ಗಾಡಿ ಹೊಡದು ಹೊಡದು ನನ್ನ ಕೈ ಬಾತಾವು. ಅವರು ಮುಟ್ಟಿದ್ದಕ್ಕಲ್ಲ, ನೋವಿಗೆ ಚೀರಿದೆ. ನನಗ ಅವರು ಬೇಕು. ಗಾಡೀನೂ ಬೇಕು."

ಮುದುಕವ್ವ ಚಾ ಸೋಸುವುದನ್ನು ಬಿಟ್ಟು ಮೊಮ್ಮಗಳ ಕಡೆ ತಿರುಗಿದಳು.

ಸೋಮಣ್ಣ ಬಂದು ಮಗಳ ಮುಂದೆ ಅಂಗೈ ಚಾಚಿದ. ಆಡಿದ ಮಾತೆಂದರೆ ಮಾತೇ. ಸುಧಾ ಸೊಂಟದಲ್ಲಿ ಸಿಕ್ಕಿಸಿದ ಚಾವಿ ತೆಗೆದು ಅಪ್ಪನ ಕೈಗಿಟ್ಟಳು. ಸೋಮಣ್ಣ ಚಾವಿ ಹಿಡಿದು ಅಂಗಳಕ್ಕಿಳಿದುಹೋದ.

"ತಡೀರಿ ಬೀಗರ," ಎಂದಳು ಭರಮವ್ವ, ಎದ್ದು ಹೊಸ್ತಿಲ ತನಕ ಬಂದು. "ನನ್ನ ಮಗನ ಕೈಯೂ ಹಿಂಗ ಬಾತಿದ್ವು. ಕೂಸಿಗೆ ಉಣ್ಣಿಸಿದಂಗ ಉಣ್ಣಿಸೇನಿ ಇವಗ. ಆವಾಗ ಅವರಪ್ಪ ಚಾವಿ ಕಸಗೊಳ್ಳಲಿಲ್ಲ. ಇನ್ನೊಂದೆರಡು ದಿನದಾಗ ಕಲೀತಾನ ಬಿಡು ಅಂದ್ರು. ಗಂಡಸಿನ ಕೈ ಬಾತ್ರ ಕಲಿಯೂದು, ಹೆಂಗಸಿನ ಕೈ ಬಾತ್ರ ಬಿಡೂದೇನು?"

ಸೋಮಣ್ಣ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿದ. ತಿರುಗಿಸಿದ ಕ್ಲಚ್ಚು ಅವನ ಬೆರಳಿಗೆ ಸಿಗದೆ ಕೆಳಗೆಲ್ಲೋ ಹೋಗಿತ್ತು. ಒಮ್ಮೆ ತಡಕಿದ, ಇನ್ನೊಮ್ಮೆ ತಡಕಿದ. ಇಷ್ಟು ವರ್ಷ ತನ್ನದಾಗಿದ್ದ ಗಾಡಿ ಈಗ ತನ್ನ ಅಳತೆಯದಾಗಿ ಉಳಿದಿಲ್ಲ ಎಂಬುದು ಅವನಿಗೆ ತಿಳಿಯಿತೆಂದು ಕಾಣುತ್ತದೆ. ಇಳಿದು ಒಳಗೆ ಬಂದ.

"ಇಷ್ಟು ದಿನ ಯಾಕ ಹೇಳಲಿಲ್ಲವ್ವ?"

"ಹೇಳಿದ್ರ ಚಾವಿ ಹೋಗತಿತ್ತಲ್ಲಪ್ಪ."

ಸೋಮಣ್ಣ ಚಾವಿಯನ್ನು ಅಂಗೈಯಲ್ಲಿ ಒಂದೆರಡು ಸಲ ತಿರುವಿದ. ಮಗಳ ಬಾತ ಬೆರಳುಗಳನ್ನೇ ನೋಡುತ್ತ ನಿಂತ. ಆಮೇಲೆ ಚಾವಿಯನ್ನು ಆಕೆಯ ಮಡಿಲಿಗೆ ಹಾಕಿ, ಎಂದಿನ ಗಡಸು ದನಿಯಲ್ಲೇ ಅಂದ, "ಇನ್ನ ಮ್ಯಾಲೆ ನೋವು ಆದಾಗ ಹೇಳಲಿಲ್ಲಂದ್ರ ಚಾವಿ ವಾಪಸ್."

ಮುದುಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಚಾ ಸೋಸತೊಡಗಿದಳು.

"ಹಂಗಾರ ಉಂಗುರ ಹಾಕು," ಎಂದು ಭರಮವ್ವ ಡಬ್ಬಿಯನ್ನು ಮಗನಿಗೆ ಕೊಟ್ಟಳು. ಕೊಟ್ರೇಶ ಸುಧಾಳ ಎದುರು ಕೂತ. ಉಂಗುರವನ್ನು ಗೆಣ್ಣಿನ ತನಕ ತಂದ. ಬಾವು ಇನ್ನೂ ಇಳಿದಿರಲಿಲ್ಲ, ಉಂಗುರ ಮತ್ತೆ ಅಲ್ಲೇ ಬಿಗಿಯಿತು. ಸುಧಾ ಹಲ್ಲು ಕಚ್ಚಿ ತಡೆದುಕೊಂಡು ಕೂತಳು. ಇನ್ನೊಮ್ಮೆ ಕೈ ಎಳೆಯಬಾರದೆಂದು ಉಸಿರನ್ನೂ ಹಿಡಿದಿದ್ದಳು.

ಅವನು ಒತ್ತಲಿಲ್ಲ. ಉಂಗುರ ತೆಗೆದು ತಾಯಿಯ ಕೈಗಿತ್ತು, ಗೂಟಕ್ಕೆ ತೂಗುಹಾಕಿದ್ದ ಆಕೆಯ ಹೊಲದ ಚೀಲದಲ್ಲಿ ಕೈಯಾಡಿಸಿ, ಕ್ರಾಸಿಂಗಿನ ಕೆಂಪು ದಾರದ ಉಂಡೆ ತೆಗೆದ. ಒಂದು ಗೇಣು ದಾರ ಹರಿದು, ಆಕೆಯ ಬೆರಳಿಗೆ ಸುತ್ತಿ, ನೋಯದಂತೆ ಸಡಿಲವಾಗಿ ಗಂಟು ಹಾಕಿದ. ಎಷ್ಟು ಹಗುರಾಗಿ ಕಟ್ಟಿದನೆಂದರೆ, ದಾರ ಇದೆಯೋ ಇಲ್ಲವೋ ಎಂದು ಆಕೆ ಬಗ್ಗಿ ನೋಡಬೇಕಾಯಿತು.

"ಬಾವು ಇಳಿದ ಮ್ಯಾಲೆ ಉಂಗುರ. ಅಲ್ಲೀತನಾ ಇದು," ಎಂದ. ಆಮೇಲೆ ಅವಳಿಗಷ್ಟೇ ಕೇಳುವಂತೆ, ಆ ಹಳೆಯ ತುಂಟ ಕಣ್ಣಿನಲ್ಲಿ ಕೇಳಿದ, "ದಾರ ಕಟ್ಟಿದ ಹೂವಿಂದು ಏನ್ ನಿಯಮ, ಸೂಪರ್‌ವೈಸರ್?"

ಸುಧಾರಾಣಿಗೆ ಈ ಸಲ ನಿಜಕ್ಕೂ ನಾಚಿಕೆ ಬಂತು.

"ಮತ್ತ ಯಾರೂ ಮುಟ್ಟಂಗಿಲ್ಲ," ಎಂದಳು ಮೆಲ್ಲಗೆ.

"ಕೈ ಬಿಡೋ ತಮ್ಮಾ, ಚಾ ಆರಾಕತ್ತೈತಿ," ಎಂದು ಮುದುಕವ್ವ ಕೂಗಿದಳು. ಅವನು ಬಿಡಲಿಲ್ಲ, ಆಕೆಯೂ ಕೈ ಎಳೆದುಕೊಳ್ಳಲಿಲ್ಲ.